ಕಮರ್ಷಿಯಲ್ ಕಟ್ಟಡದಲ್ಲಿ ಕರೆಂಟ್ ಉಳಿಸುವ ಕೆಲಸ ಮಾಡಿದ್ರೆ ಟ್ಯಾಕ್ಸ್ ಕಡಿಮೆ ಆಗ್ತದಾ?

ಕಿನ್ನಿಮುಲ್ಕಿಯವಳು:
ಎಲ್ರಿಗೂ ನಮಸ್ಕಾರ. ಕಿನ್ನಿಮುಲ್ಕಿ ಹತ್ರ ನಮ್ದೊಂದು ಕಟ್ಟಡ ಏಳ್ತಾ ಉಂಟು, ಕೆಳಗೆ ನಮ್ದೇ ಹಾರ್ಡ್‌ವೇರ್ ಅಂಗಡಿ, ಮೇಲಿನ ಮಾಳಿಗೆ ಬಾಡಿಗೆಗೆ. ಪಡು ಬದಿಗೆ ಪೂರ್ತಿ ಗ್ಲಾಸ್ ಹಾಕುವ ಅಂತ ಇಂಜಿನಿಯರ್ ಹೇಳ್ತಾರೆ, ನಂಗೆ ಮಧ್ಯಾಹ್ನದ ಮೇಲಿನ ಬಿಸಿಲಿದ್ದೇ ಚಿಂತೆ, ಎಪ್ರಿಲ್ ಮೇಯಲ್ಲಿ ಸೆಕೆಗೆ ಎಸಿ ಬಂದ್ ಮಾಡ್ಲಿಕ್ಕೇ ಇಲ್ಲ. ಡಬಲ್ ಗ್ಲಾಸ್, ಟೆರೇಸಿಗೆ ಕೂಲ್ ಕೋಟಿಂಗ್, ಸೋಲಾರ್ ಎಲ್ಲ ಸೇರಿದ್ರೆ ಖರ್ಚು ತುಂಬಾ ಆಗ್ತದೆ. ಅಮೆರಿಕದಲ್ಲಿರುವ ಅಣ್ಣ ಹೇಳಿದ, ಅಲ್ಲಿ 179ಡಿ ಅಂತ ಒಂದು ಟ್ಯಾಕ್ಸ್ ಸೆಕ್ಷನ್ ಉಂಟಂತೆ, ಇಂಥ ಕಟ್ಟಡಕ್ಕೆ ಚದರಡಿ ಲೆಕ್ಕದಲ್ಲಿ ಆದಾಯದಿಂದ ಕಳೀಲಿಕ್ಕೆ ಬಿಡ್ತಾರಂತೆ. ನಮ್ಮಲ್ಲಿ ಉಂಟಾ?

ಕದ್ರಿ_ಲೆಕ್ಕ:
ಇಲ್ಲ ಮೇಡಂ, ಹಾಗೆ ಚದರಡಿ ಲೆಕ್ಕದ್ದು ನಮ್ಮಲ್ಲಿಲ್ಲ. ಅಣ್ಣ ಹೇಳಿದ್ದು ಅಲ್ಲಿ 2005ರ ಕಾಯ್ದೆಯಲ್ಲಿ ಬಂದದ್ದು, ಅದೂ 2026 ಜೂನ್ 30ರ ನಂತರ ಕೆಲಸ ಶುರುವಾಗುವ ಕಟ್ಟಡಗಳಿಗೆ ಸಿಗುದಿಲ್ಲ.

ನಮ್ಮಲ್ಲಿ ಸಿಗುದು ಡಿಪ್ರಿಸಿಯೇಶನ್, ಅಂದ್ರೆ ಹಾಕಿದ ದುಡ್ಡನ್ನು ಸವಕಳಿ ಅಂತ ವರ್ಷವರ್ಷ ಸ್ವಲ್ಪಸ್ವಲ್ಪ ಲಾಭದಲ್ಲಿ ಕಳೆಯುದು. ಸೋಲಾರಿಗೆ 40%, ಎಸಿಯಂಥ ಮೆಷಿನಿಗೆ 15%, ಕಟ್ಟಡಕ್ಕೆ 10%, ಡಬಲ್ ಗ್ಲಾಸ್ ಗೋಡೆ ಜೊತೆ ಸೇರಿಹೋಗುದರಿಂದ ಅದಕ್ಕೂ 10%. ಸೋಲಾರಿಗೆ 5 ಲಕ್ಷ ಹಾಕಿದ್ರೆ ಮೊದಲ ವರ್ಷ 2 ಲಕ್ಷ, ಮರುವರ್ಷ ಉಳಿದ 3 ಲಕ್ಷದ 40% ಅಂದ್ರೆ 1.2 ಲಕ್ಷ ಲಾಭದಲ್ಲಿ ಕಳೀಬಹುದು. 2 ಲಕ್ಷ ಟ್ಯಾಕ್ಸೇ ಉಳೀತದೆ ಅಂತ ಅಲ್ಲ, 30% ಸ್ಲ್ಯಾಬಲ್ಲಿದ್ರೆ 60 ಸಾವಿರದಷ್ಟು ಉಳೀತದೆ.

ಆದ್ರೆ ಇದೆಲ್ಲ ಅಂಗಡಿ ವ್ಯಾಪಾರಕ್ಕೆ ಮಾತ್ರ, ಮೇಲಿನ ಮಾಳಿಗೆಯ ಬಾಡಿಗೆ "ಮನೆ ಆಸ್ತಿಯ ಆದಾಯ" ಅಂತ ಹೋಗ್ತದೆ, ಕಮರ್ಷಿಯಲ್ ಆದ್ರೂ ಹಾಗೆಯೇ. ಅಲ್ಲಿ ಬಾಡಿಗೆಯಿಂದ ನೀವು ಕೊಟ್ಟ ಕಟ್ಟಡ ತೆರಿಗೆ ಕಳೆದು ಉಳಿದದ್ರಲ್ಲಿ ನೇರ 30%, ಮತ್ತೆ ಸಾಲದ ಬಡ್ಡಿ, ಅಷ್ಟೇ, ನೀವು ಎಷ್ಟು ಒಳ್ಳೆ ಗ್ಲಾಸ್ ಹಾಕಿದ್ರೂ ಆ 30% ಏರುದಿಲ್ಲ. ಸುಮಾರು ಜನ ಕಟ್ಟಿ ಮುಗಿದ ಮೇಲೆ ಇದನ್ನು ಕೇಳಿಕೊಂಡು ಬರ್ತಾರೆ, ನಂಗೆ ನಿಜಕ್ಕೂ ಬೇಜಾರಾಗ್ತದೆ. ಹಾಗಾಗಿ ಸೋಲಾರನ್ನು ಅಂಗಡಿಯ ಕರೆಂಟ್ ಮೀಟರಿನ ಆರ್‌ಆರ್ ನಂಬರಿಗೇ ಹಾಕಿಸಿ, ಬಿಲ್ಲೂ ಅಂಗಡಿ ಹೆಸರಲ್ಲೇ ಇರ್ಲಿ.

ಮಲ್ಪೆ_ಗಾಳಿ:
ಮಳೆ ಕಳೆದ ಮೇಲೆ ಪ್ಯಾನೆಲ್ ಹಾಕುವ ಅಂತ ಕೂರ್ಬೇಡಿ, ಹಾಕಿದ ಲೆಕ್ಕದ ವರ್ಷದಲ್ಲಿ (ಎಪ್ರಿಲಿಂದ ಮಾರ್ಚ್) 180 ದಿನಕ್ಕಿಂತ ಕಡಿಮೆ ಬಳಸಿದ್ರೆ 40 ಹೋಗಿ 20% ಆಗ್ತದೆ. ಅಕ್ಟೋಬರ್ ಶುರುವಿಗೇ ಚಾಲೂ ಆಗಿರ್ಬೇಕು, ನಮ್ದು ದೀಪಾವಳಿ ದಾಟಿತು, ಆ ವರ್ಷ ಅರ್ಧವೇ ಸಿಕ್ಕಿದ್ದು. ಕೇಂದ್ರದ ಸೂರ್ಯಘರ್ ಸೋಲಾರ್ ಯೋಜನೆಯ 78,000 ಸಬ್ಸಿಡಿಯನ್ನೂ ಲೆಕ್ಕಕ್ಕೆ ತಗೊಳ್ಬೇಡಿ, ಅದು ವಾಸದ ಮನೆಗೆ ಮಾತ್ರ. ಮತ್ತೆ ಪಡು ಬದಿಗೆ ಗ್ಲಾಸ್ ಯಾಕೆ ಮಾರಾಯ್ರೆ, ಕೆಂಪುಕಲ್ಲಿನ ಗೋಡೆ ಕಟ್ಟಿ ಸಣ್ಣ ಕಿಟಕಿ, ಮೇಲೆ ಅಗಲ ಸಜ್ಜ ಕೊಡಿ, ಬಿಸಿಲೂ ನಿಲ್ತದೆ ಮಳೆ ಇರಚಲೂ ನಿಲ್ತದೆ.

ಕಿನ್ನಿಮುಲ್ಕಿಯವಳು:
ತುಂಬಾ ಉಪಕಾರ ಆಯ್ತು. ಅಂಗಡಿದು ಲೆಕ್ಕಪುಸ್ತಕ ಇಲ್ಲ, 44ಎಡಿ ಅಂತ ಇದ್ದ ಸ್ಕೀಮಲ್ಲಿ, ವ್ಯಾಪಾರದ ಇಷ್ಟು ಪರ್ಸೆಂಟ್ ಲಾಭ ಅಂತ ಹಿಡಿದು ಟ್ಯಾಕ್ಸ್ ಕಟ್ಟುದು. ತೊಂದ್ರೆ ಉಂಟಾ?

ಕದ್ರಿ_ಲೆಕ್ಕ:
ಉಂಟು. ಅದ್ರಲ್ಲಿ ಡಿಪ್ರಿಸಿಯೇಶನ್ ಆಗ್ಲೇ ಕಳೆದಾಗಿದೆ ಅಂತ ಲೆಕ್ಕ, ಬೇರೆ ಸಿಗುದಿಲ್ಲ. ಅದ್ರಿಂದ ಹೊರಗೆ ಬಂದ್ರೆ ಮತ್ತೆ 5 ವರ್ಷ ಅದಕ್ಕೆ ವಾಪಸ್ ಹೋಗ್ಲಿಕ್ಕಾಗುದಿಲ್ಲ, ಆದಾಯ ಟ್ಯಾಕ್ಸ್ ಇಲ್ಲದ ಮಿತಿಗಿಂತ ಹೆಚ್ಚಿದ್ರೆ ಪುಸ್ತಕ ಇಡ್ಬೇಕು, ಆಡಿಟೂ ಬರ್ತದೆ. ಬರೇ ಸೋಲಾರಿಗೋಸ್ಕರ ಹೊರಗೆ ಬರ್ಬೇಡಿ. ಮೆಸ್ಕಾಂ ಬಿಲ್ಲಲ್ಲಿ ಎಷ್ಟು ಉಳೀತದೆ ಅಂತ ಮಾತ್ರ ಲೆಕ್ಕ ಹಾಕಿ ನೋಡಿ.

ಕಿನ್ನಿಮುಲ್ಕಿಯವಳು:
ಸರಿ. ಗ್ಲಾಸ್ ಬೇಡ ಅಂತ ನಾಳೆಯೇ ಇಂಜಿನಿಯರಿಗೆ ಹೇಳ್ತೇನೆ.