ಅಪ್ಪನ 1985ರ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋದಲ್ಲಿ ಅರ್ಧ ಕ್ಲಾಸೇ ಇಲ್ಲ, ಯಾಕೆ?

ತುಂಗೆ ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಓದಿದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಅವರ ಬ್ಯಾಚಿನವರು ಈಗ ಗುರುವಂದನೆ ಮಾಡಬೇಕು ಅಂತ ಹೊರಟಿದ್ದಾರೆ. ಎಲ್ಲರನ್ನೂ ಹುಡುಕಿ ವಾಟ್ಸಾಪ್ ಗುಂಪಿಗೆ ಸೇರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಕೈಯಲ್ಲಿರುವ ಆಧಾರ ಒಂದೇ, ಅಟ್ಟದ ಟ್ರಂಕಿನಲ್ಲಿ ಸಿಕ್ಕ ಗ್ರೂಪ್ ಫೋಟೋ. ದಪ್ಪ ರಟ್ಟಿಗೆ ಅಂಟಿಸಿದ್ದಾರೆ, ಕೆಳಗೆ ನಿಂತವರು, ಕುಳಿತವರು ಅಂತ ಹೆಸರು ಬರೆದಿದ್ದಾರೆ.

ಮೇಷ್ಟ್ರುಗಳನ್ನು ಬಿಟ್ಟು ಎಣಿಸಿದರೆ 33 ಜನ. ಅದರಲ್ಲಿ ಹುಡುಗಿಯರು 6. ಅಪ್ಪ ನೋಡಿದರೆ ಕ್ಲಾಸಿನಲ್ಲಿ ಅರವತ್ತಕ್ಕೂ ಜಾಸ್ತಿ ಇದ್ದೆವು ಅನ್ನುತ್ತಾರೆ. ಉಳಿದವರು ಎಲ್ಲಿ ಅಂತ ಕೇಳಿದರೆ, 'ಅವತ್ತು ಬಂದಿರಲಿಲ್ಲ ಅಷ್ಟೆ' ಅಂತ ಹೇಳಿ ಎದ್ದು ತೋಟಕ್ಕೆ ಹೋಗುತ್ತಾರೆ. ಒಂದೇ ದಿನ ಅರ್ಧ ಕ್ಲಾಸು ಚಕ್ಕರ್ ಹಾಕಲು ಸಾಧ್ಯವಾ? ಆ ಕಾಲದಲ್ಲಿ ಓದಿದವರು ಯಾರಾದರೂ ಹೇಳಿ.

ಇನ್ನೊಂದು ತಲೆಹರಟೆ ಪ್ರಶ್ನೆ. ಅಪ್ಪನದ್ದೂ ಅವರ ಮೂವರು ಗೆಳೆಯರದ್ದೂ ಹುಟ್ಟಿದ ದಿನ ಜೂನ್ 1. ಇದು ಹೇಗೆ?

ಸೊರಬದವ:

ಜೂನ್ 1ರ ವಿಷಯ ನಾನು ಹೇಳುತ್ತೇನೆ, ಫೋಟೋದ್ದು ಬೇರೆಯವರು ಹೇಳಲಿ. ಶಾಲೆ ಶುರುವಾಗುತ್ತಿದ್ದುದು ಜೂನ್‌ನಲ್ಲಿ. ಸೇರಿಸುವಾಗ ಮಗುವಿಗೆ ವಯಸ್ಸು ತುಂಬಿದೆ ಅಂತ ತೋರಿಸಬೇಕು. ಮನೆಯಲ್ಲಿ ತಾರೀಖು ಯಾರಿಗೂ ಗೊತ್ತಿಲ್ಲ. 'ಗದ್ದೆ ನೆಟ್ಟಿ ಮುಗಿದ ಮೇಲೆ ಹುಟ್ಟಿದ್ದು, ಅವತ್ತು ಭಾರೀ ಮಳೆ' ಅಂತ ಅಜ್ಜಿ ಹೇಳಿದರೆ ಮೇಷ್ಟ್ರು ಎಂತ ಬರೆಯಬೇಕು? ಜೂನ್ 1 ಅಂತ ಬರೆದರು. ಅದೇ ಮಾರ್ಕ್ಸ್ ಕಾರ್ಡಿಗೆ ಬಂತು, ಅದೇ ನೌಕರಿಗೂ ಹೋಯಿತು. ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ರಿಟೈರ್ ಆಗಬೇಕು. ಅದಕ್ಕೇ ಮೇ 31ಕ್ಕೆ ಎಲ್ಲ ಆಫೀಸುಗಳಲ್ಲೂ ಸಾಲು ಸಾಲು ಬೀಳ್ಕೊಡುಗೆ. ಹಾರ ಮಾರುವವರಿಗೆ ಒಳ್ಳೆಯ ದಿನ.

ಕೊಡಚಾದ್ರಿ ಅಕ್ಕ:

ತಂಗಿ, ನಿನ್ನ ಅಪ್ಪ ಯಾಕೆ ಎದ್ದು ತೋಟಕ್ಕೆ ಹೋದರು ಅಂತ ನನಗೆ ಅರ್ಥ ಆಯಿತು. ನಾನು ಹೊಸನಗರ ತಾಲ್ಲೂಕಿನವಳು, 1983ರ ಬ್ಯಾಚು. ನಮ್ಮ ಕ್ಲಾಸಿನ ಫೋಟೋದಲ್ಲಿ ನಾನೂ ಇಲ್ಲ. ಅವತ್ತು ಶಾಲೆಗೆ ಹೋಗಿದ್ದೆ, ಆದರೂ ಇಲ್ಲ.

ಪೇಟೆಯಿಂದ ಸ್ಟುಡಿಯೋದವರು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮುಕ್ಕಾಲಿ ಸ್ಟ್ಯಾಂಡು, ಕರಿ ಬಟ್ಟೆ ಹೊದಿಸಿದ ದೊಡ್ಡ ಕ್ಯಾಮೆರಾ. ಹುಡುಗರು ಕ್ಲಾಸಿನಿಂದ ಬೆಂಚು, ಡೆಸ್ಕು ಹೊತ್ತು ತರಬೇಕು. ಕುರ್ಚಿಯಲ್ಲಿ ಹೆಡ್ಮಾಸ್ಟ್ರು, ಮೇಷ್ಟ್ರುಗಳು. ಪಕ್ಕದಲ್ಲಿ ದಾವಣಿ ಹಾಕಿದ ಹುಡುಗಿಯರು. ಹಿಂದೆ ಬೆಂಚಿನ ಮೇಲೊಂದು ಸಾಲು, ಡೆಸ್ಕಿನ ಮೇಲೆ ಇನ್ನೊಂದು ಸಾಲು. ಕ್ಲಾಸಿಗೇ ಕುಳ್ಳ ಹುಡುಗನ ಕೈಗೆ ಇಸವಿ ಬರೆದ ಸ್ಲೇಟು. ಇದೆಲ್ಲ ನಿನ್ನ ಫೋಟೋದಲ್ಲೂ ಇರಬೇಕು ನೋಡು.

ಪ್ರತಿ ಒಂದಕ್ಕೆ ಹತ್ತು ರೂಪಾಯಿ, ಕ್ಲಾಸ್ ಲೀಡರ್ ಕೈಯಲ್ಲಿ ಮೊದಲೇ ಕೊಡಬೇಕು. ದುಡ್ಡು ಕೊಡದಿದ್ದರೂ ಬಂದು ನಿಲ್ಲಿ ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳಿದ್ದರು. ಒಳ್ಳೆಯ ಮನುಷ್ಯ. ಆದರೆ ಯಾರು ನಿಲ್ಲುತ್ತಾರೆ ಹೇಳು? ಫೋಟೋ ಹಂಚುವ ದಿನ ಹೆಸರು ಕರೆಯುವಾಗ ನಮ್ಮ ಹೆಸರು ಬಿಟ್ಟು ಮುಂದೆ ಹೋಗುತ್ತಾರಲ್ಲ. ನಾವು ಏಳೆಂಟು ಜನ ನೀರು ಕುಡಿಯುವ ನೆಪ ಹೇಳಿ ಬಾವಿ ಹತ್ತಿರ ನಿಂತುಕೊಂಡೆವು. ಕ್ಯಾಮೆರಾದವರು ಬಟ್ಟೆಯೊಳಗೆ ತಲೆ ಹಾಕಿದ್ದು, ಎಲ್ಲರೂ ಉಸಿರು ಹಿಡಿದು ನಿಂತಿದ್ದು, ಎಲ್ಲ ಅಲ್ಲಿಂದಲೇ ಕಂಡಿತು. ಮನೆಯಲ್ಲಿ ಕೇಳಿದ್ದರೆ ಅಪ್ಪಯ್ಯ ಎಲ್ಲಾದರೂ ಸಾಲ ಮಾಡಿ ಕೊಡುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ಅದೇ ವಾರ ಪರೀಕ್ಷೆ ಫೀಸು ಕಟ್ಟಿದ್ದರು.

ಇನ್ನು ಅಡಿಕೆ. ಫೋಟೋ ತೆಗೆಯುವುದು ಸಾಮಾನ್ಯವಾಗಿ ಜನವರಿಯಲ್ಲಿ. ಆಗ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವ ಕಾಲ, ಕೂಲಿಗೆ ಹೋಗುವ ಮನೆಗಳಲ್ಲಿ ಹತ್ತನೇ ಕ್ಲಾಸು ಅಂತ ಯಾರನ್ನೂ ಬಿಡುವುದಿಲ್ಲ. ನಮಗೆ ಸ್ವಂತ ತೋಟ ಇಲ್ಲ. ಊರಿನ ದೊಡ್ಡ ಮನೆಯ ಚಪ್ಪರದಲ್ಲಿ ರಾತ್ರಿ ಅಡಿಕೆ ಸುಲಿಯಲು ನಾನು, ಅಮ್ಮ, ಚಿಕ್ಕಮ್ಮ ಹೋಗುತ್ತಿದ್ದೆವು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಡಬ್ಬದ ಲೆಕ್ಕದಲ್ಲಿ ಕೂಲಿ. ನಿಜ ಹೇಳಬೇಕೆಂದರೆ ನನಗೆ ಅದರಿಂದ ಉಪಕಾರವೂ ಆಯಿತು. ನಮ್ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ, ಅಲ್ಲಿ ಪೆಟ್ರೋಮ್ಯಾಕ್ಸ್! ವಿಜ್ಞಾನದ ನೋಟ್ಸನ್ನು ಎದುರಿನ ಬುಟ್ಟಿಗೆ ಒರಗಿಸಿಟ್ಟು ಸುಲಿಯುತ್ತಲೇ ಬಾಯಿಪಾಠ ಮಾಡುತ್ತಿದ್ದೆ. ಹಾಳೆ ತಿರುವಿ ಹಾಕುವುದು ಚಿಕ್ಕಮ್ಮನ ಕೆಲಸ, ಯಾಕೆಂದರೆ ನನ್ನ ಕೈ ಪೂರ್ತಿ ಅಡಿಕೆ ಸಿಪ್ಪೆಯ ಕಲೆ. ಆ ದಿನಗಳಲ್ಲಿ ಕ್ಲಾಸಿನಲ್ಲಿ ಯಾರಾದರೂ ಕೈ ಎತ್ತಿದರೆ ಸಾಕು, ಬೆರಳು ನೋಡಿಯೇ ಯಾರದು ಸುಲಿಯುವ ಮನೆ, ಯಾರದು ಸುಲಿಸುವ ಮನೆ ಅಂತ ಗೊತ್ತಾಗುತ್ತಿತ್ತು.

ಹುಡುಗಿಯರು ಬರೇ 6 ಅಂದೆಯಲ್ಲ, ಅದು ಕಡಿಮೆಯೇನಲ್ಲ. ಎಂಟನೇ ಕ್ಲಾಸಿಗೆ ನಾವು ಸುಮಾರು ಹುಡುಗಿಯರೇ ಸೇರಿದ್ದೆವು. ಏಳನೆಯ ತನಕ ಊರಲ್ಲೇ ಶಾಲೆ, ಆಮೇಲೆ ದೂರ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ದಾಟಲು ಹೆದರಿಕೆ. ಅಪ್ಪಯ್ಯ ಕಂಬಳಿ ಕೊಪ್ಪೆ ಹಾಕಿಕೊಂಡು ಸಂಕದ ತನಕ ಬಂದು ದಾಟಿಸಿ ಹೋಗುತ್ತಿದ್ದರು. ಅಪ್ಪಯ್ಯನಿಗೆ ಬಿಡುವಿಲ್ಲದ ದಿನ ನನಗೂ ಶಾಲೆ ಇಲ್ಲ. ಇದ್ದ ಒಂದೇ ಜೊತೆ ಯೂನಿಫಾರಂ ರಾತ್ರಿ ಬಚ್ಚಲೊಲೆ ಮೇಲೆ ಒಣಗಬೇಕು. ಜುಲೈ ತಿಂಗಳಲ್ಲಿ ಇಡೀ ಕ್ಲಾಸಿಗೆ ಹೊಗೆ ವಾಸನೆ. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳದ ಕಥೆ ಹೇಳುವುದೇ ಬೇಡ, ಮಲೆನಾಡಿನವರಿಗೆ ಅದನ್ನು ಹೇಳಬೇಕಾ?

ಹಾಗೆ ಮೂರು ವರ್ಷದಲ್ಲಿ ಒಬ್ಬೊಬ್ಬರೇ ನಿಂತರು. ಹತ್ತರ ತನಕ ಬಂದ ಒಬ್ಬಳಿಗೆ ಆ ಬೇಸಿಗೆಗೆ ಮದುವೆ ಗೊತ್ತಾಗಿತ್ತು. ಗಂಡುಹುಡುಗರ ಜೊತೆ ಫೋಟೋದಲ್ಲಿ ನಿಲ್ಲಬಾರದು ಅಂತ ಅವಳ ದೊಡ್ಡಪ್ಪನ ಕಟ್ಟಪ್ಪಣೆ. ಅವಳ ಮನೆಯಲ್ಲಿ ಹತ್ತು ರೂಪಾಯಿಗೆ ತೊಂದರೆ ಇರಲಿಲ್ಲ. ಅವಳೂ ಬಾವಿ ಹತ್ತಿರ ನಮ್ಮ ಜೊತೆಗೇ ಇದ್ದಳು.

ಆಮೇಲೆ ರಿಸಲ್ಟು. ಆಗ ಪೇಪರಿನಲ್ಲಿ ನಂಬರ್ ಬರುತ್ತಿತ್ತು. ಪೇಪರು ನಮ್ಮ ಕಡೆ ತಲುಪುವುದು ಮಧ್ಯಾಹ್ನದ ಬಸ್ಸಿಗೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದೇ ಪೇಪರಿಗೆ ಇಪ್ಪತ್ತು ತಲೆ. ಗಣಿತ, ಇಂಗ್ಲಿಷು ಎರಡೇ ಸಾಕಿತ್ತು ನಮ್ಮನ್ನು ಉರುಳಿಸಲು. ನಂಬರ್ ಇಲ್ಲದವರಲ್ಲಿ ಕೆಲವರು ಅಕ್ಟೋಬರ್‌ಗೆ ಕಟ್ಟಿದರು, ಕೆಲವರು ಬೆಂಗಳೂರಿನ ಹೋಟೆಲು ಸೇರಿದರು. ಮೂವತ್ತು ನಲವತ್ತು ವರ್ಷ ಆದರೂ ಅವರು ಬ್ಯಾಚು, ಗುರುವಂದನೆ ಅಂದರೆ ತಮಗಲ್ಲ ಅಂದುಕೊಳ್ಳುತ್ತಾರೆ.

ಅದಕ್ಕೇ ಒಂದು ಮಾತು. ಫೋಟೋ ನೋಡಿ ಕರೆದರೆ ಮತ್ತೆ ಅದೇ 33 ಜನ ಬರುತ್ತಾರೆ. ನಮ್ಮ ಬ್ಯಾಚಿನವರು ಸೇರಿದಾಗ ಆ ಫೋಟೋವನ್ನೇ ದೊಡ್ಡ ಫ್ಲೆಕ್ಸ್ ಮಾಡಿಸಿ ಬಾಗಿಲಿಗೆ ಕಟ್ಟಿದ್ದರು. ಬಂದವರೆಲ್ಲ ಅದರ ಮುಂದೆ ನಿಂತು ತಮ್ಮ ಮುಖ ಹುಡುಕಿ, ಬೆರಳಿಟ್ಟು, ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಸೀದಾ ಒಳಗೆ ಹೋಗಿ ಕೂತೆ. ನೀನು ಆ ಫ್ಲೆಕ್ಸ್ ಮಾತ್ರ ಮಾಡಿಸಬೇಡ ಮಾರಾಯ್ತಿ.

ತುಮರಿ ಲಾಂಚು:

ಅಕ್ಕ ಬರೆದದ್ದು ಓದಿ ಸುಮ್ನೆ ಕೂರಲು ಆಗಲಿಲ್ಲ. ನಾವು ಶರಾವತಿ ಹಿನ್ನೀರಿನ ಆಚೆಯವರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಸಾಗರಕ್ಕೆ ಹೋಗಲು ನಮಗೆ ಹಿನ್ನೀರು ದಾಟಿಸುವ ಲಾಂಚೇ ಗತಿಯಾಗಿತ್ತು. ಲಾಂಚು ತಪ್ಪಿದರೆ ಪರೀಕ್ಷೆ ತಪ್ಪಿತು. ಹಾಗಾಗಿ ಪರೀಕ್ಷೆ ಮುಗಿಯುವವರೆಗೆ ಸಾಗರದಲ್ಲಿ ನೆಂಟರ ಮನೆ ಹುಡುಕಿಕೊಳ್ಳಬೇಕು. ಮನೆಯಿಂದ ಅಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಹೊತ್ತು ಹೋಗುತ್ತಿದ್ದೆವು. ನೆಂಟರಿಲ್ಲದವನು ಓದಿನಲ್ಲಿ ಎಷ್ಟೇ ಜೋರಿದ್ದರೂ ಅರ್ಧ ಸೋತ ಹಾಗೇ. ಸೇತುವೆ ಆಗಿದ್ದು 2025ರ ಜುಲೈನಲ್ಲಿ. ನಮ್ಮ ಮೊಮ್ಮಕ್ಕಳು ಪರೀಕ್ಷೆಗೆ ಬಸ್ಸಿನಲ್ಲೇ ಹೋಗಬಹುದು.

ನಿವೃತ್ತ ಮೇಷ್ಟ್ರು:

ಕೊಪ್ಪ, ಶೃಂಗೇರಿ ಕಡೆ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟವನು ನಾನು. ಉರುಳಿಸಿದವರ ಪಟ್ಟಿಯಲ್ಲಿ ನನ್ನ ವಿಷಯವೇ ಮೊದಲು ಬಂತು, ಇರಲಿ.

ಅಕ್ಕನವರು ಒಂದು ಗುಂಪನ್ನು ಬಿಟ್ಟರು. ಒಂಬತ್ತರಲ್ಲೇ ನಿಲ್ಲಿಸಿದವರು. ಹತ್ತನೇ ಕ್ಲಾಸಿನ ಫಲಿತಾಂಶ ಚೆನ್ನಾಗಿ ಕಾಣಲಿ ಅಂತ ಓದಿನಲ್ಲಿ ಹಿಂದಿದ್ದ ಮಕ್ಕಳನ್ನು ಒಂಬತ್ತರಲ್ಲಿ ಫೇಲು ಮಾಡುವ ಪದ್ಧತಿ ಆಗ ಹಲವು ಕಡೆ ಇತ್ತು. ಸ್ಟಾಫ್ ರೂಮಿನಲ್ಲಿ ಅದಕ್ಕೆ ಜಗಳವೂ ಆಗುತ್ತಿತ್ತು. ನಿಮ್ಮ ತಂದೆ ಹೇಳುವ ಅರವತ್ತು ಜನರಲ್ಲಿ ಅಂಥವರೂ ಇರಬಹುದು. ಎಂಟರಿಂದ ಒಟ್ಟಿಗೆ ಆಡಿದವರು ಅವರ ಲೆಕ್ಕದಲ್ಲಿ ಒಂದೇ ಕ್ಲಾಸು.

ಹುಡುಕುವ ದಾರಿ ಹೇಳುತ್ತೇನೆ. ಹಾಜರಿ ಪುಸ್ತಕ ಇಷ್ಟು ವರ್ಷ ಉಳಿದಿರುವುದು ಕಷ್ಟ, ಗೆದ್ದಲಿಗೆ ಹೋಗಿರುತ್ತದೆ. ಆದರೆ ದಾಖಲಾತಿ ಪುಸ್ತಕ ಶಾಶ್ವತ ದಾಖಲೆ, ಬೀರುವಿನಲ್ಲಿ ಇಡಲೇಬೇಕು. 1982ರಲ್ಲಿ ಎಂಟಕ್ಕೆ ಸೇರಿದವರ ಪುಟ ನೋಡಿ. ಹೆಸರು, ತಂದೆಯ ಹೆಸರು, ಊರು, ಟಿಸಿ ಕೊಟ್ಟ ದಿನ ಎಲ್ಲ ಸಿಗುತ್ತದೆ. ನೀವೊಬ್ಬರೇ ಹೋಗಬೇಡಿ, ತಂದೆಯವರನ್ನು ಕರೆದುಕೊಂಡು ಹೋಗಿ ಮುಖ್ಯ ಶಿಕ್ಷಕರನ್ನು ಕೇಳಿ. ಹಳೆ ವಿದ್ಯಾರ್ಥಿ ಅಂದರೆ ಇಲ್ಲ ಅನ್ನುವವರು ಕಡಿಮೆ.

ತುಂಗೆ ದಂಡೆ:

ಮೇಷ್ಟ್ರೇ, ನಿನ್ನೆ ಅಪ್ಪನ ಜೊತೆ ಹೋಗಿದ್ದೆ. ಪುಸ್ತಕ ಸಿಕ್ಕಿತು! 71 ಹೆಸರು. ತೋಟಕ್ಕೆ ಎದ್ದು ಹೋಗುತ್ತಿದ್ದ ಅಪ್ಪ ಪ್ರತಿ ಹೆಸರಿಗೂ ನಿಂತು ಕಥೆ ಹೇಳಿದರು. ಮುಖ್ಯ ಶಿಕ್ಷಕರು ಟೀ ತರಿಸಿ ತಾವೂ ಕೂತುಬಿಟ್ಟರು. ಹುಡುಗಿಯರು 19 ಜನ ಇದ್ದರಂತೆ. ಅವರನ್ನು ಹುಡುಕುವುದೇ ಈಗ ತಲೆನೋವು. ತಂದೆಯ ಹೆಸರು, ಊರು ಇದೆ, ಮದುವೆಯಾಗಿ ಎಲ್ಲಿ ಹೋದರೋ ಗೊತ್ತಿಲ್ಲ. ಅಕ್ಕ, ಇದಕ್ಕೆ ಏನು ಮಾಡಲಿ?

ಕಾರ್ಯಕ್ರಮ ಡಿಸೆಂಬರ್‌ನಲ್ಲಿ ಅಂತ ಮಾತಾಡಿದ್ದಾರೆ. ಎಳ್ಳಮಾವಾಸ್ಯೆ ಜಾತ್ರೆಗೆ ಬೆಂಗಳೂರಿನವರು ಹೇಗೂ ಬರುತ್ತಾರೆ, ಅದರ ಹಿಂದೆ ಮುಂದೆ ಒಂದು ಭಾನುವಾರ ಇಡೋಣ ಅಂತ.

ಕೊಡಚಾದ್ರಿ ಅಕ್ಕ:

ಹುಡುಗಿಯರದ್ದು ಸುಲಭ. ತವರಿಗೆ ಹೋಗಿ ಅತ್ತಿಗೆಯರನ್ನು ಕೇಳು. ಅಣ್ಣ ತಮ್ಮಂದಿರ ಹತ್ತಿರ ನಂಬರ್ ಇರುವುದಿಲ್ಲ, ಅತ್ತಿಗೆಯರ ಹತ್ತಿರ ಇದ್ದೇ ಇರುತ್ತದೆ. ಒಬ್ಬಳು ಸಿಕ್ಕಿದರೆ ಅವಳಿಗೆ ಇನ್ನಿಬ್ಬರ ಸುದ್ದಿ ಗೊತ್ತಿರುತ್ತದೆ.

ಡಿಸೆಂಬರ್ ಬೇಡ. ಜಾತ್ರೆಗೆ ಬಂದ ಬೆಂಗಳೂರಿನವರು ಸಿಗುತ್ತಾರೆ ನಿಜ, ಊರಲ್ಲಿರುವವರು ಸಿಗುವುದಿಲ್ಲ. ಕೊನೆ ಕೊಯ್ಲು ಬಿಟ್ಟು ಯಾರು ಬರುತ್ತಾರೆ? ಮಾರ್ಚ್‌ಗೆ ತಳ್ಳು. ಏಪ್ರಿಲ್, ಮೇ ಅಂದರೆ ಮದುವೆ ಗಲಾಟೆ. ಶಾಲೆಯಲ್ಲಿ ಪರೀಕ್ಷೆ ಇದ್ದರೂ ಭಾನುವಾರಕ್ಕೆ ಜಾಗ ಕೊಡುತ್ತಾರೆ, ಈಗಲೇ ಕೇಳಿಡು.

ಇನ್ನೊಂದು ಮುಖ್ಯ ವಿಷಯ ನಿನ್ನ ಅಪ್ಪನಿಗೆ ಹೇಳು. ತಲೆಗೆ ಇಷ್ಟು ಚಂದಾ ಅಂತ ನಿಗದಿ ಮಾಡಿ, ಕೊಟ್ಟವರ ಹೆಸರಿನ ಮುಂದೆ ಗೆರೆ ಎಳೆದು ವಾಟ್ಸಾಪಿನಲ್ಲಿ ಹಾಕುವುದು ಬೇಡ. ಬಾಗಿಲ ಹತ್ತಿರ ಒಂದು ಡಬ್ಬ ಇಡಿ, ಹಾಕುವವರು ಹಾಕಲಿ. ಊಟದ ಖರ್ಚು ಅನುಕೂಲ ಇದ್ದವರು ನಾಲ್ಕು ಜನ ವಹಿಸಿಕೊಂಡರೆ ಆಯಿತು.