ಬಾಡಿ ಲಿಫ್ಟ್, ಬೆಲ್ಟ್ ತುಂಡು ಮತ್ತು ನಮ್ಮ ಮೆಕ್ಯಾನಿಕಲ್ ಬ್ಯಾಚ್

(ನಮ್ಮ ಮೆಕ್ಯಾನಿಕಲ್ ಎಂಜಿನಿಯರಿಂಗ್ ಬ್ಯಾಚಿನ ಗುಂಪಿಗೆ ಡೆನ್ವರ್‌ನಿಂದ ಪ್ರಸನ್ನ ಹಾಕಿದ ಫೋಟೊ: 3 ಇಂಚು ಬಾಡಿ ಲಿಫ್ಟ್ ಮಾಡಿಸಿದ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಾದ ಚಾಸಿಸ್‌ನಿಂದ ಬಾಡಿಯನ್ನಷ್ಟೇ ಮೇಲೆತ್ತಿಸಿದ, ಹಳೆಯ ಟೊಯೋಟಾ ಟಕೋಮಾ ಪಿಕಪ್. ಮುಂದಿನ ಚಕ್ರದ ಹಿಂದೆ, ಬಾಡಿಗೂ ಚಾಸಿಸ್‌ಗೂ ನಡುವೆ ಕಪ್ಪು ಪಟ್ಟಿ.)

ಪ್ರಸನ್ನ: ಲಿಫ್ಟ್‌ನಿಂದ ತೆರೆದುಕೊಂಡ ಸಂದನ್ನು ಮುಚ್ಚುವ ಅಂಗಡಿಯ ರಬ್ಬರ್ ಪಟ್ಟಿಗೆ (ಗ್ಯಾಪ್ ಗಾರ್ಡ್) ಅವರು ಕೇಳುವ ಬೆಲೆ ಕೊಡಲು ಮನಸ್ಸಾಗಲಿಲ್ಲ. ಜಲ್ಲಿ ಕ್ವಾರಿಯವರು ಎಸೆದಿದ್ದ ಕನ್ವೇಯರ್ ಬೆಲ್ಟ್ ತಂದು ಕತ್ತರಿಸಿ, ಮೇಲಂಚನ್ನು ಬಾಡಿಗೂ ಕೆಳಂಚನ್ನು ಚಾಸಿಸ್‌ನಲ್ಲಿ ಮೊದಲೇ ಇದ್ದ ತೂತುಗಳಿಗೂ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಆಲ್ಟರ್ನೇಟರ್ ಮೇಲೆ ಕೆಸರು ಎರಚುವುದು ನಿಂತಿದೆ.

ಗಿರೀಶ: ಬೆಲ್ಟ್ ಸರಿ, ಎರಡೂ ಕಡೆ ಬಿಗಿದದ್ದು ಸರಿಯಲ್ಲ. ಬಾಡಿ ಕುಳಿತಿರುವುದು ರಬ್ಬರ್ ಬುಶ್‌ಗಳ ಮೇಲೆ. ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಹಳ್ಳಕ್ಕೆ ಇಳಿದಾಗ ಚಾಸಿಸ್ ತಿರುಚಿದಷ್ಟು ಬಾಡಿ ತಿರುಚುವುದಿಲ್ಲವಾದ್ದರಿಂದ, ನೀನು ಮುಚ್ಚಿರುವ ಆ ಸಂದು ಪ್ರತಿ ಸಲವೂ ಹಿಗ್ಗಿ ಕುಗ್ಗುತ್ತದೆ. ಬೆಲ್ಟ್‌ನೊಳಗೆ ಬಟ್ಟೆಯ ಪದರವಿರುವುದರಿಂದ ಅದು ಹಿಗ್ಗದು. ಹರಿಯುವುದು ಒಳ ಫೆಂಡರ್‌ನ ತೆಳು ತಗಡು.

ಉಮೇಶ: ಇಷ್ಟೆಲ್ಲ ತಲೆನೋವು ಏಕೆ? ಕಿಟಕಿ ಚೌಕಟ್ಟಿಗೆ ತುಂಬುವ ಪಿಯು ಫೋಮ್ ಡಬ್ಬಿಯೊಂದನ್ನು ಸಿಂಪಡಿಸಿ ಕಪ್ಪು ಬಣ್ಣ ಬಳಿದರೆ ಕೆಲಸ ಮುಗಿಯಿತು. ನನ್ನ ಜೀಪಿನ ಟೈರ್ ಮೇಲಿನ ಸಂದಿಗೂ ಅದನ್ನೇ ಮಾಡುವವನಿದ್ದೆ.

ವೀಣಾ: ದಯವಿಟ್ಟು ಮಾಡಬೇಡ. ಫೋಮ್ ನೀರನ್ನು ತಗಡಿಗೆ ಒತ್ತಿ ಹಿಡಿದು ಒಳಗೊಳಗೇ ತುಕ್ಕು ಹಿಡಿಸುತ್ತದೆ, ಸೈಲೆನ್ಸರ್ ಪೈಪಿನ ಹತ್ತಿರ ಬೆಂಕಿಗೂ ಆಹಾರವಾಗುತ್ತದೆ. ಇನ್ನು ನಿನ್ನದು ಸಸ್ಪೆನ್ಶನ್ ಲಿಫ್ಟ್, ಬಾಡಿಯ ಜೊತೆಗೆ ಚಾಸಿಸ್ಸೂ ಚಕ್ರಗಳಿಂದ ಮೇಲೆದ್ದಿರುತ್ತದೆ. ಟೈರ್ ಮೇಲಿನ ಆ ಜಾಗ ಚಕ್ರ ಮೇಲೇಳಲೆಂದೇ ಇರುವುದು, ಅದನ್ನು ತುಂಬಿದರೆ ಲಿಫ್ಟ್ ಮಾಡಿಸಿ ಏನು ಬಂತು?

ಉಮೇಶ: ಹಾಗಾದರೆ ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬ್? ಅದಾದರೂ ಹಿಗ್ಗುತ್ತದೆ.

ವೀಣಾ: ಹಿಗ್ಗುತ್ತದೆ, ಆದರೆ ಅಷ್ಟು ತೆಳುವಾದದ್ದು ವೇಗದಲ್ಲಿ ಪಟಪಟ ಹೊಡೆದುಕೊಂಡು ಒಂದು ದಿನ ಟೈರಿಗೆ ಸಿಕ್ಕಿಕೊಳ್ಳುತ್ತದೆ. ಲಾರಿ ಮಡ್‌ಫ್ಲ್ಯಾಪ್‌ನ ದಪ್ಪವಿರಬೇಕು.

ಪ್ರಸನ್ನ: ಕೆಳಗೆ ಬಿಗಿಯದಿದ್ದರೆ ಟೈರ್ ಎರಚುವ ನೀರು ಪಟ್ಟಿಯನ್ನು ಎತ್ತಿಬಿಡುವುದಿಲ್ಲವೇ, ಗಿರೀಶ? ತೋಟದ ರಸ್ತೆಯ ಅನುಭವವನ್ನು ಇಲ್ಲಿಗೆ ತರಬೇಡ. ಇಲ್ಲಿ ಹೈವೇ ಓಟವೂ ಇದೆ.

ಗಿರೀಶ: ಪಟ್ಟಿಯನ್ನು ಚಾಸಿಸ್‌ನ ಹೊರಮೈಗೆ, ಅಂದರೆ ಚಕ್ರದ ಕಡೆಗೆ, ಎರಡು ಇಂಚು ಇಳಿಬಿಡು. ಎರಚುವ ನೀರೇ ಅದನ್ನು ಚಾಸಿಸ್‌ಗೆ ಒತ್ತುತ್ತದೆ. ಮೇಲಿನ ಬೋಲ್ಟ್‌ಗಳಿಗೆ ಅಗಲ ವಾಷರ್ ಹಾಕು, ಇಲ್ಲದಿದ್ದರೆ ತಲೆ ರಬ್ಬರಿನಲ್ಲಿ ತೂರಿಬರುತ್ತದೆ. ನಿಮ್ಮಲ್ಲಿ ಚಳಿಗಾಲದ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಸುರಿಯುತ್ತಾರಲ್ಲ, ಒಳಗೆ ಸೇರಿದ ಆ ಉಪ್ಪುಕೆಸರು ಇಳಿದುಹೋಗಲು ಕೆಳಂಚು ತೆರೆದೇ ಇರಬೇಕು.

ವೀಣಾ: ಫೋಟೊ ದೊಡ್ಡದು ಮಾಡಿ ನೋಡಿದೆ. ಸ್ಟಿಯರಿಂಗ್ ಶಾಫ್ಟ್ ತೂರುವ ಕಡೆ ಕೊಯ್ದ ಕಂಡಿ ತೀರಾ ಇಕ್ಕಟ್ಟಾಗಿದೆ, ರಬ್ಬರಿನ ಅಂಚು ಶಾಫ್ಟ್‌ಗೆ ತಾಗುತ್ತಿದೆ. ಬ್ರೇಕ್ ಹೋಸ್ ಕೂಡ ಪಟ್ಟಿಗೆ ಉಜ್ಜದಂತಿರಲಿ.

ಪ್ರಸನ್ನ: ಕಂಡಿಯನ್ನು ಇಂದೇ ಅಗಲ ಮಾಡುತ್ತೇನೆ. ಬೋಲ್ಟ್ ವಿಷಯ ಮಾತ್ರ ಇನ್ನೂ ಒಪ್ಪಿಲ್ಲ. ಒಂದು ಬದಿ ಬಿಚ್ಚಿ, ಇನ್ನೊಂದು ಬದಿ ಹಾಗೆಯೇ ಬಿಟ್ಟು ಹಿಮ ಕರಗುವವರೆಗೆ ಓಡಿಸಿ ನೋಡುತ್ತೇನೆ.

ಗಿರೀಶ: ಆಗಲಿ, ಆದರೆ ಬಿಚ್ಚುವ ಬದಿ ಸ್ಟಿಯರಿಂಗ್ ಇರುವ ಬದಿಯೇ ಆಗಿರಲಿ.