ಅಪ್‌ಡೇಟ್: ದಸರಾ ರಜೆ ಕೊಪ್ಪಳದಲ್ಲೇ ಕಳೆದೆವು

ಅವ್ವನ ಜೊತೆ ಊರ ಹತ್ತಿರವೇ ಎಲ್ಲಿ ಸುತ್ತಾಡಬಹುದು ಅಂತ ಕೇಳಿದ್ದೆ. ಅಂಜನಾದ್ರಿ ಬೆಟ್ಟ ಅಂದವರಿಗೆ ಥ್ಯಾಂಕ್ಸ್, ಆದರೆ 575 ಮೆಟ್ಟಿಲು ಅವ್ವನ ಮೊಣಕಾಲಿಗೆ ಆಗದ ಮಾತು. ಅದಕ್ಕೇ ಇಟಗಿ ಊರಿನ ಹಳೇ ಗುಡಿ ನೋಡೋಕೆ ಹೋದೆವು.

ಮಹಾದೇವ ದೇವಾಲಯ 1112ರದ್ದು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನದಲ್ಲಿ ಇದಕ್ಕೆ ‘ದೇವಾಲಯ ಚಕ್ರವರ್ತಿ’ ಅಂತ ಹೆಸರು. ಸುಮ್ನೆ ಹೊಗಳಿಕೆ ಅಲ್ಲ ಅದು! ಒಂದೊಂದು ಕಂಬದ ಮುಂದೆಯೂ ಅವ್ವ ನಿಂತುಬಿಡ್ತಿದ್ದರು, ಕರೆದರೂ ಬರಲಿಲ್ಲ. ಹೊರಗೆ ಮರದ ನೆರಳಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಹಂಪಿಯಷ್ಟು ಜನಜಂಗುಳಿ ಇಲ್ಲ, ನನಗೆ ಅದೇ ಜಾಸ್ತಿ ಇಷ್ಟವಾಯಿತು. ಬರುವಾಗ ಕುಕನೂರಿನ ನವಲಿಂಗ ಗುಡಿಯನ್ನೂ ನೋಡಿದೆವು.

ಮರದ ಗೊಂಬೆಗಳ ಊರು ಕಿನ್ನಾಳ ನೋಡೋದು ಇನ್ನೂ ಉಳಿದಿದೆ. ಗೊಂಬೆ ಮಾಡುವವರ ಮನೆಗೆ ಭಾನುವಾರ ಹೋದರೆ ಕೆಲಸ ನೋಡೋಕೆ ಸಿಗುತ್ತಾ?